ಚರ್ಮದ ಸೋಂಕೂ ಸುಗಂಧ ತೈಲದ ಲೇಪವೂ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಆತಗೂರು, ಕನ್ನಡನಾಡಿನ ಚರಿತ್ರೆಯನ್ನು ಬಲ್ಲವರಿಗೆ ಅಪರಿಚಿತವಾದ ಊರಲ್ಲ. ಕ್ರಿ. ಶ. 949-50ರ ಪ್ರಸಿದ್ಧವಾದ ಆತಕೂರು ಶಾಸನವು ದೊರೆತದ್ದು ಇಲ್ಲಿಯೇ. ಗಂಗರ ಬೂತುಗನ ಸೇವಕನಾದ ಮಣಲೇರನ ಬಳಿಯಿದ್ದ ಕಾಳಿ ಎಂಬ ಬೇಟೆನಾಯಿಯು ಕಾಡುಹಂದಿಯೊಡನೆ ಹೋರಾಡಿ ಮಡಿದುದನ್ನು ಆ ಕಲ್ಲು ಸಾರುತ್ತದೆ. ನಾಯಿಯೊಂದರ ಸಾಹಸಕ್ಕಾಗಿ ಕಲ್ಲು ನೆಟ್ಟ ಈ ಸೀಮೆಯಲ್ಲಿ ಮನುಷ್ಯನೂ ಸಾಕುಪ್ರಾಣಿಯೂ ಒಂದೇ ಸೂರಿನ ನೆರಳಿನಲ್ಲಿ ಬಾಳುವುದು ಇಂದಿಗೂ ತಪ್ಪಿಲ್ಲ. ಕೊಟ್ಟಿಗೆಯ ಕರು, ಅಂಗಳದ ನಾಯಿ, ಗದ್ದೆಯ ಕೆಸರು, ಕಬ್ಬಿನ ತೋಟದ ಬೆವರು ಇವೆಲ್ಲವೂ ನಮ್ಮ ಒಕ್ಕಲು ಬಾಳಿನ ಸಂಪತ್ತು. ಆದರೆ ಇವುಗಳೊಡನೆಯೇ ಬರುವ ಒಂದು ಸಣ್ಣ ಪೀಡೆಯೂ ಉಂಟು. ಅದು ಚರ್ಮದ ಸೋಂಕು.

ಸಣ್ಣ ಪೀಡೆಯೆಂದು ಹೇಳಿದೆವು. ಆದರೆ ಅದನ್ನು ಅನುಭವಿಸುವವರಿಗೆ ಅದು ಸಣ್ಣದಲ್ಲ. ಹಗಲೆಲ್ಲ ದುಡಿದು ಬಂದವರಿಗೆ ರಾತ್ರಿ ತುರಿಕೆಯಿಂದ ನಿದ್ರೆಯಿಲ್ಲ. ಶಾಲೆಗೆ ಹೋಗುವ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಲು ಇತರ ಮಕ್ಕಳು ಹಿಂಜರಿಯುತ್ತಾರೆ. ಮದುವೆಯ ವಯಸ್ಸಿನ ಹೆಣ್ಣುಮಕ್ಕಳು ಸೊಂಟದ ಮೇಲೆ ಎದ್ದ ಮಚ್ಚೆಯನ್ನು ತಾಯಿಗೂ ಹೇಳದೆ ಮರೆಮಾಡುತ್ತಾರೆ. ಹೀಗೆ ಮರೆಮಾಡಿದ ರೋಗವು ಅಂಗಡಿಯಿಂದ ತಂದ ಯಾವುದೋ ಮುಲಾಮಿಗೆ ಒಪ್ಪಿಸಲ್ಪಟ್ಟು, ಒಂದು ತಿಂಗಳಲ್ಲಿ ಹೋಗಬೇಕಾದದ್ದು ವರ್ಷಗಟ್ಟಲೆ ಉಳಿಯುತ್ತದೆ. ಈಚೆಗೆ ಅಂಗಡಿಗಳಲ್ಲಿ ಗಿಡಮೂಲಿಕೆಯ ಸಾರವನ್ನೂ ಸುಗಂಧ ತೈಲವನ್ನೂ ಕೂಡಿಸಿದ ಜೆಲ್ ಎಂಬ ಲೋಳೆಯಂತಹ ಲೇಪಗಳು ಹೇರಳವಾಗಿ ಬಂದಿವೆ. ಇವು ನಿಜವಾಗಿ ಪ್ರಯೋಜನಕರವೇ, ಎಷ್ಟರಮಟ್ಟಿಗೆ ಪ್ರಯೋಜನಕರ, ಎಲ್ಲಿ ಇವನ್ನು ನಂಬಬಹುದು, ಎಲ್ಲಿ ನಂಬಕೂಡದು ಎಂಬುದನ್ನು ಗೃಹಸ್ಥರಿಗೆ ತಿಳಿಯಪಡಿಸುವುದೇ ಈ ಲೇಖನದ ಉದ್ದೇಶ.

ರೋಗವನ್ನು ಮೊದಲು ಗುರುತಿಸಬೇಕು

ಚರ್ಮದ ಮೇಲೆ ಕಾಣುವುದೆಲ್ಲವೂ ಒಂದೇ ರೋಗವಲ್ಲ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಸೋಂಕುಗಳನ್ನು ಮೂರು ಗುಂಪಾಗಿ ಎಣಿಸಬಹುದು.

ಮೊದಲನೆಯದು ಬೂಷ್ಟಿನ ಜಾತಿಯ ಸೂಕ್ಷ್ಮಜೀವಿಗಳಿಂದ ಬರುವುದು. ಹುಳುಕಡ್ಡಿ ಅಥವಾ ಗಜಕರ್ಣವೆಂಬುದು ಇದರಲ್ಲಿ ಮುಖ್ಯವಾದದ್ದು. ಹೆಸರಿನಲ್ಲಿ ಹುಳುವಿದ್ದರೂ ಇದರಲ್ಲಿ ಹುಳುವಿಲ್ಲ. ಬಳೆಯಂತೆ ದುಂಡಗೆ ಎದ್ದು, ಅಂಚು ಕೆಂಪಾಗಿ, ನಡುವೆ ತಿಳಿಯಾಗುತ್ತ ಹರಡುವುದು ಇದರ ಲಕ್ಷಣ. ಕೆಸರಿನಲ್ಲಿ ನಿಂತು ದುಡಿಯುವವರ ಕಾಲ್ಬೆರಳ ಸಂದಿಯು ಬೆಳ್ಳಗಾಗಿ ಬಿರಿಯುವುದಕ್ಕೂ ಬಹಳ ಸಲ ಇದೇ ಕಾರಣ. ಬೆನ್ನಿನ ಮೇಲೂ ಎದೆಯ ಮೇಲೂ ಮಾಸಲು ಮಚ್ಚೆಗಳಾಗಿ ಕಾಣುವ ಚಿಬ್ಬು ಕೂಡ ಇದೇ ಗುಂಪಿಗೆ ಸೇರಿದ್ದು. ಆದರೆ ಅದರ ಜೀವಿ ಬೇರೆ. ಅದು ಚರ್ಮದ ಜಿಡ್ಡನ್ನೇ ಆಹಾರವಾಗಿ ಮಾಡಿಕೊಂಡು ಬದುಕುತ್ತದೆ.

ಎರಡನೆಯದು ಬ್ಯಾಕ್ಟೀರಿಯಗಳಿಂದ ಬರುವ ಕುರು, ಕೀವುಗುಳ್ಳೆ, ಮಕ್ಕಳ ಮೂಗು ಬಾಯಿಗಳ ಸುತ್ತ ಜೇನುಬಣ್ಣದ ಹಕ್ಕಳೆ ಕಟ್ಟುವ ಹುಣ್ಣು ಮೊದಲಾದವು. ಮೂರನೆಯದು ಕಜ್ಜಿ. ಇದಕ್ಕೆ ಕಾರಣವು ಕಣ್ಣಿಗೆ ಕಾಣದಷ್ಟು ಚಿಕ್ಕದಾದ ಒಂದು ನುಸಿ. ಅದು ಚರ್ಮದೊಳಗೆ ಸುರಂಗವನ್ನು ಕೊರೆದು ಮೊಟ್ಟೆಯಿಡುತ್ತದೆ. ಬೆರಳ ಸಂದಿ, ಮಣಿಕಟ್ಟು, ಸೊಂಟಗಳಲ್ಲಿ ರಾತ್ರಿಯ ಹೊತ್ತು ಸಹಿಸಲಾರದ ತುರಿಕೆಯನ್ನುಂಟುಮಾಡುತ್ತದೆ. ಮನೆಯಲ್ಲಿ ಒಬ್ಬರಿಗೆ ಬಂದರೆ ಎಲ್ಲರಿಗೂ ಬರುವುದು ಇದರ ಸ್ವಭಾವ.

ಈ ಮೂರಕ್ಕೂ ಔಷಧಗಳು ಬೇರೆಬೇರೆ. ಬೂಷ್ಟಿಗೆ ಮಾರಕವಾದದ್ದು ನುಸಿಗೆ ಮಾರಕವಾಗಬೇಕೆಂಬ ನಿಯಮವಿಲ್ಲ. ಆದಕಾರಣ "ಎಲ್ಲ ಚರ್ಮರೋಗಗಳಿಗೂ ಒಂದೇ ಲೇಪ" ಎಂದು ಹೊದಿಕೆಯ ಮೇಲೆ ಬರೆದಿದ್ದರೆ, ಅದನ್ನು ಓದಿದ ಕೂಡಲೇ ವಿವೇಕಿಯಾದ ಗೃಹಸ್ಥನು ಎಚ್ಚತ್ತುಕೊಳ್ಳಬೇಕು.

ಹಿತ್ತಲ ಗಿಡ ಮದ್ದಲ್ಲವೆ?

ನಮ್ಮ ಹಿರಿಯರು ಈ ರೋಗಗಳನ್ನು ಕಾಣದವರಲ್ಲ. ಆಯುರ್ವೇದದಲ್ಲಿ ಗಜಕರ್ಣಕ್ಕೆ ದದ್ರುವೆಂದು ಹೆಸರು. ಚರಕ ಸಂಹಿತೆಯು ಅದನ್ನು ಕ್ಷುದ್ರ ಕುಷ್ಠಗಳಲ್ಲಿ ಸೇರಿಸಿದರೆ, ಸುಶ್ರುತ ಸಂಹಿತೆಯು ಮಹಾಕುಷ್ಠಗಳಲ್ಲಿ ಎಣಿಸಿದೆ. ರಸ್ತೆಯ ಬದಿಯಲ್ಲಿ ತಾನಾಗಿ ಬೆಳೆಯುವ ತಗಚೆಗೆ ಚಕ್ರಮರ್ದವೆಂಬ ಸಂಸ್ಕೃತನಾಮವಿರುವುದೇ ಅದು ಚಕ್ರಾಕಾರದ ಈ ಮಚ್ಚೆಯನ್ನು ಮರ್ದಿಸುತ್ತದೆಂಬ ನಂಬಿಕೆಯಿಂದ. ಅದರ ಬೀಜವನ್ನು ಹುಳಿಮಜ್ಜಿಗೆಯಲ್ಲಿ ಅರೆದು ಹಚ್ಚುವ ರೂಢಿಯುಂಟು. ಅದರ ಬಂಧುವಾದ ಸೀಮೆ ಅಗಸೆಯ ಎಲೆಯನ್ನು ಹಿಂಡಿ ಹಚ್ಚುವುದು ಬಹಳ ದೇಶಗಳಲ್ಲಿ ಇರುವ ಪದ್ಧತಿ. ಈ ಗಿಡಗಳಲ್ಲಿ ಬೂಷ್ಟನ್ನು ತಡೆಯುವ ಹಳದಿಬಣ್ಣದ ಕೆಲವು ದ್ರವ್ಯಗಳಿರುವುದನ್ನು ರಸಾಯನಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಬೇವು, ಅರಿಶಿನ, ಹೊಂಗೆ, ತುಳಸಿ, ದೊಡ್ಡಪತ್ರೆ, ಲೋಳೆಸರ ಇವುಗಳ ವಿಷಯವನ್ನು ನಮ್ಮ ಗೃಹಿಣಿಯರಿಗೆ ಹೇಳಿಕೊಡಬೇಕಾದುದಿಲ್ಲ.

"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯು ನಮ್ಮ ಅನಾದರವನ್ನು ಹಂಗಿಸುವುದಕ್ಕಾಗಿ ಹುಟ್ಟಿದ್ದು. ಆದರೆ ಈ ಕಾಲದಲ್ಲಿ ಅದಕ್ಕೆ ವಿರುದ್ಧವಾದ ತಪ್ಪೂ ನಡೆಯುತ್ತಿದೆ. ಹಿತ್ತಲದ್ದೆಂಬ ಒಂದೇ ಕಾರಣದಿಂದ ಅದು ಹಾನಿ ಮಾಡಲಾರದೆಂದು ಭಾವಿಸುತ್ತಾರೆ. ಎಕ್ಕದ ಹಾಲನ್ನು ಗಜಕರ್ಣಕ್ಕೆ ಸುರಿದು ಚರ್ಮವನ್ನು ಸುಟ್ಟುಕೊಳ್ಳುವವರುಂಟು. ಆ ಕೈಯನ್ನೇ ಕಣ್ಣಿಗೆ ಒರಸಿದರೆ ಕಣ್ಣಿನ ಪಾಪೆಗೇ ಅಪಾಯ. ಬೆಳ್ಳುಳ್ಳಿಯನ್ನು ಜಜ್ಜಿ ರಾತ್ರಿಯೆಲ್ಲ ಕಟ್ಟಿದರೆ ಬೊಕ್ಕೆ ಏಳುತ್ತದೆ. ನಿಂಬೆಯ ರಸವನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಆ ಭಾಗವು ಸುಟ್ಟಂತಾಗಿ ಕಪ್ಪು ಕಲೆಯು ತಿಂಗಳುಗಟ್ಟಲೆ ನಿಲ್ಲುತ್ತದೆ. ಗಿಡದಲ್ಲಿ ಶಕ್ತಿಯಿದೆಯೆಂದು ಒಪ್ಪಿದ ಮೇಲೆ ಆ ಶಕ್ತಿಗೆ ಕೆಡುಕು ಮಾಡುವ ಸಾಮರ್ಥ್ಯವೂ ಇದೆಯೆಂದು ಒಪ್ಪಲೇಬೇಕಷ್ಟೆ.

ಸುಗಂಧ ತೈಲವೆಂದರೇನು?

ಎಣ್ಣೆಗಳಲ್ಲಿ ಎರಡು ಜಾತಿ. ಕೊಬ್ಬರಿ, ಹೊಂಗೆ, ಬೇವು, ಹರಳು ಇವುಗಳ ಎಣ್ಣೆಯು ಗಾಣದಿಂದ ಬರುವುದು. ಇದು ಸ್ಥಿರವಾದದ್ದು. ಮಜ್ಜಿಗೆ ಹುಲ್ಲು, ನೀಲಗಿರಿ, ಓಮ, ತುಳಸಿ, ಶ್ರೀಗಂಧ ಇವುಗಳಿಂದ ಬರುವ ಸುಗಂಧ ತೈಲವಾದರೋ ಗಾಳಿಗೆ ಹಾರಿಹೋಗುವಂಥದು. ಇವೆರಡರ ಭೇದವನ್ನು ಮನೆಯಲ್ಲಿಯೇ ನೋಡಬಹುದು. ಒಂದು ಬಿಳಿಯ ಕಾಗದದ ಮೇಲೆ ಎರಡನ್ನೂ ಒಂದೊಂದು ತೊಟ್ಟು ಹಾಕಿ ಕೆಲವು ಗಂಟೆಗಳ ಕಾಲ ಬಿಡಿರಿ. ಕೊಬ್ಬರಿ ಎಣ್ಣೆಯ ಜಿಡ್ಡು ಹಾಗೆಯೇ ನಿಲ್ಲುತ್ತದೆ. ಶುದ್ಧವಾದ ನೀಲಗಿರಿ ಎಣ್ಣೆಯು ಗುರುತಿಲ್ಲದಂತೆ ಮಾಯವಾಗುತ್ತದೆ. ಅಗ್ಗದ ಎಣ್ಣೆಯನ್ನು ಬೆರಸಿ ಮಾರುವವರನ್ನು ಕಂಡುಹಿಡಿಯುವುದಕ್ಕೂ ಈ ಪರೀಕ್ಷೆಯು ಸ್ವಲ್ಪಮಟ್ಟಿಗೆ ಸಹಾಯಕವಾದೀತು. ಆದರೆ ಶ್ರೀಗಂಧದಂತಹ ಭಾರವಾದ ತೈಲಗಳು ಬಹು ನಿಧಾನವಾಗಿ ಆರುವುವಾದ ಕಾರಣ ಅವಕ್ಕೆ ಇದು ಸಲ್ಲದು.

ಈ ತೈಲಗಳನ್ನು ತೆಗೆಯುವ ಕ್ರಮವು ಆವಿಯಿಂದ ಭಟ್ಟಿಯಿಳಿಸುವುದು. ಸೊಪ್ಪನ್ನೋ ಚಕ್ಕೆಯನ್ನೋ ದೊಡ್ಡ ಪಾತ್ರೆಯಲ್ಲಿ ತುಂಬಿ ಕೆಳಗಿನಿಂದ ಆವಿಯನ್ನು ಹಾಯಿಸುತ್ತಾರೆ. ಆವಿಯು ತೈಲವನ್ನು ಹೊತ್ತುಕೊಂಡು ಮೇಲೇರಿ, ತಣ್ಣನೆಯ ಕೊಳವೆಯಲ್ಲಿ ಇಳಿದು ನೀರಾಗುತ್ತದೆ. ತೈಲವು ನೀರಿನಿಂದ ಬೇರೆಯಾಗಿ ನಿಲ್ಲುತ್ತದೆ. ಕನ್ನಡಿಗರಿಗೆ ಈ ವಿದ್ಯೆ ಹೊಸದಲ್ಲ. ಮೈಸೂರಿನ ಶ್ರೀಗಂಧದ ಮರವು ಹಿಂದೆ ಹರಾಜಾಗಿ ಯೂರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರ ಮಹಾಯುದ್ಧದಿಂದ ಆ ವ್ಯಾಪಾರ ನಿಂತುಹೋಗಲು, ಮರವನ್ನು ಇಲ್ಲಿಯೇ ಭಟ್ಟಿಯಿಳಿಸುವ ಪ್ರಯತ್ನ ನಡೆದು, 1916ರಲ್ಲಿ ಬೆಂಗಳೂರಿನಲ್ಲಿಯೂ ಅನಂತರ ಮೈಸೂರಿನಲ್ಲಿಯೂ ಗಂಧದೆಣ್ಣೆಯ ಕಾರ್ಖಾನೆಗಳು ಏರ್ಪಟ್ಟುವು. ಈಗ ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನ ಪರಿಷತ್ತಿಗೆ ಸೇರಿದ, ಲಖನೌದಲ್ಲಿ ಮುಖ್ಯಸ್ಥಾನವುಳ್ಳ ಸಿಮ್ಯಾಪ್ ಎಂಬ ಸಂಸ್ಥೆಯು ಬೆಂಗಳೂರಿನಲ್ಲಿಯೂ ಶಾಖೆಯನ್ನಿಟ್ಟುಕೊಂಡು ಇಂತಹ ಸುಗಂಧ ಬೆಳೆಗಳನ್ನು ರೈತರಲ್ಲಿ ಹರಡುತ್ತಿದೆ. ಅದು ಹೊರತಂದ ಮಜ್ಜಿಗೆ ಹುಲ್ಲಿನ ತಳಿಗಳಲ್ಲಿ ಒಂದಕ್ಕೆ ಕಾವೇರಿಯೆಂದೇ ಹೆಸರು. ನೂರು ಕಿಲೋಗ್ರಾಂ ಹಸಿಹುಲ್ಲಿನಿಂದ ಅರ್ಧ ಕಿಲೋಗ್ರಾಮಿನ ಆಸುಪಾಸು ತೈಲ ಬರುತ್ತದೆ. ಹೊರೆಗಟ್ಟಲೆ ಹುಲ್ಲಿನ ಸತ್ತ್ವವು ಒಂದು ಸೀಸೆಯಲ್ಲಿ ಸೇರಿಕೊಂಡಿದೆಯೆಂಬುದನ್ನು ನೆನಪಿನಲ್ಲಿಟ್ಟರೆ, ಆ ತೈಲವನ್ನು ನೇರವಾಗಿ ಮೈಗೆ ಹಚ್ಚಬಾರದೇಕೆಂದು ಬೇರೆ ಹೇಳಬೇಕಾಗಿಲ್ಲ.

ಮಜ್ಜಿಗೆ ಹುಲ್ಲಿನ ತೈಲದಲ್ಲಿ ಮುಕ್ಕಾಲು ಪಾಲಿನಷ್ಟು ಸಿಟ್ರಾಲ್ ಎಂಬ ದ್ರವ್ಯವಿದೆ. ಓಮದ ತೈಲದಲ್ಲಿ ಮುಖ್ಯವಾದದ್ದು ಥೈಮಾಲ್. ದೊಡ್ಡಪತ್ರೆಯ ಎಲೆಯನ್ನು ಹಿಸುಕಿದಾಗ ಓಮದ ನೆನಪು ಬರುವುದು, ಅದೇ ದ್ರವ್ಯವೂ ಅದರ ಒಡಹುಟ್ಟಾದ ಕಾರ್ವಕ್ರಾಲ್ ಎಂಬುದೂ ಅದರಲ್ಲಿರುವುದರಿಂದ. ತುಳಸಿಯಲ್ಲಿಯೂ ಲವಂಗದಲ್ಲಿಯೂ ಯೂಜೆನಾಲ್ ಇದೆ. ಇವೆಲ್ಲವೂ ಜಿಡ್ಡಿನಲ್ಲಿ ಕರಗುವ ದ್ರವ್ಯಗಳು. ಸೂಕ್ಷ್ಮಜೀವಿಯ ಮೈಯನ್ನು ಸುತ್ತಿರುವ ಪೊರೆಯೂ ಜಿಡ್ಡಿನಿಂದಲೇ ಆದದ್ದಾದ್ದರಿಂದ ಇವು ಅದರೊಳಗೆ ನುಗ್ಗಿ ಪೊರೆಯನ್ನು ಸಡಿಲಿಸುತ್ತವೆ. ಒಳಗಿನ ಲವಣಾದಿಗಳು ಸೋರಿಹೋಗಿ ಜೀವಿಯು ಸಾಯುತ್ತದೆ. ನಮ್ಮ ಚರ್ಮದ ಕಣಗಳಿಗೂ ಜಿಡ್ಡಿನ ಪೊರೆಯೇ ಇರುವುದರಿಂದ, ಪ್ರಮಾಣ ಮೀರಿದರೆ ಶತ್ರುವಿಗೆ ಎತ್ತಿದ ಕತ್ತಿಯು ಮನೆಯವರಿಗೇ ತಗಲುತ್ತದೆ.

ಲೇಪಕ್ಕೆ ಲೋಳೆಯ ರೂಪವೇಕೆ?

ತೈಲವನ್ನು ತೆಳುಪಡಿಸಿ ಚರ್ಮದ ಮೇಲೆ ನಿಲ್ಲಿಸುವುದಕ್ಕೆ ಒಂದು ವಾಹನ ಬೇಕು. ಹಳೆಯ ಮುಲಾಮುಗಳು ಜಿಡ್ಡಿನವು. ಒಣಗಿ ಬಿರಿದ ಚರ್ಮಕ್ಕೆ ಅವು ಹಿತಕರವಾದರೂ, ಬೆವರುವ ತೊಡೆಸಂದಿಗೂ ಕಾಲ್ಬೆರಳ ಸಂದಿಗೂ ಜಿಡ್ಡು ಹಚ್ಚಿದರೆ ತೇವವು ಒಳಗೇ ಉಳಿದು ಬೂಷ್ಟಿಗೆ ಹಬ್ಬವಾಗುತ್ತದೆ. ಚಿಬ್ಬಿಗೆ ಕಾರಣವಾದ ಜೀವಿಗಂತೂ ಎಣ್ಣೆಯೇ ಆಹಾರ. ಜೆಲ್ಲಿನಲ್ಲಿ ಬಹುಭಾಗ ನೀರೇ ಇರುವುದರಿಂದ ಅದು ತಂಪಾಗಿ ಹರಡಿ, ಬೇಗ ಆರಿ, ತೊಳೆದರೆ ಸುಲಭವಾಗಿ ಹೋಗುತ್ತದೆ. ಬಟ್ಟೆಗೂ ಕಲೆ ಮಾಡುವುದಿಲ್ಲ.

ಆತಗೂರಿರುವ ಮದ್ದೂರು ತಾಲ್ಲೂಕಿನ ಭಾರತೀನಗರದಲ್ಲಿಯೂ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯ ವಿದ್ಯಾಸಂಸ್ಥೆಗಳಲ್ಲಿಯೂ ಔಷಧಶಾಸ್ತ್ರದ ಕಾಲೇಜುಗಳಿವೆ. ದೇಶದ ಇಂತಹ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಗಿಡಮೂಲಿಕೆಯ ಜೆಲ್ಲುಗಳನ್ನು ಮಾಡಿ ಪರೀಕ್ಷಿಸುವುದು ಈಗ ಸಾಮಾನ್ಯವಾದ ಅಭ್ಯಾಸ. ಅದರ ಕ್ರಮವು ಸ್ಥೂಲವಾಗಿ ಹೀಗಿದೆ. ಕಾರ್ಬೊಪಾಲ್ ಎಂಬ ಬಿಳಿಯ ಪುಡಿಯನ್ನು ನೂರು ಪಾಲು ನೀರಿಗೆ ಅರ್ಧದಿಂದ ಒಂದು ಪಾಲಿನಷ್ಟು ಹಾಕಿ ನೆನೆಯಬಿಡುತ್ತಾರೆ. ಬೇರೊಂದು ಪಾತ್ರೆಯಲ್ಲಿ ಸುಗಂಧ ತೈಲವನ್ನು ನೀರಿನೊಡನೆ ಹೊಂದಿಸುವ ದ್ರವ್ಯವೊಂದರಲ್ಲಿ ಬೆರಸುತ್ತಾರೆ. ಮೂಲಿಕೆಯ ಸಾರ, ಗ್ಲಿಸರಿನ್, ಕೆಡದಂತೆ ಕಾಯುವ ದ್ರವ್ಯ ಇವನ್ನು ಸೇರಿಸಿ, ಕೊನೆಯಲ್ಲಿ ಕ್ಷಾರಗುಣದ ದ್ರವವೊಂದನ್ನು ತೊಟ್ಟುತೊಟ್ಟಾಗಿ ಬಿಡಲು, ನೀರಿನಂತಿದ್ದದ್ದು ನೋಡನೋಡುತ್ತಿದ್ದಂತೆ ಗಟ್ಟಿಯಾದ ತಿಳಿಲೋಳೆಯಾಗುತ್ತದೆ. ಬಳಿಕ ಅದರ ಆಮ್ಲಕ್ಷಾರಗಳ ಪ್ರಮಾಣವು ಚರ್ಮಕ್ಕೆ ಹೊಂದುವುದೋ, ಎರಡು ಗಾಜಿನ ಪಟ್ಟಿಗಳ ನಡುವೆ ಅದು ಹೇಗೆ ಹರಡುವುದು, ಸೆಖೆಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಒಡೆಯುವುದೋ ಎಂದು ನೋಡುತ್ತಾರೆ. ಸೂಕ್ಷ್ಮಜೀವಿಗಳನ್ನು ಬೆಳೆಸಿದ ತಟ್ಟೆಯಲ್ಲಿ ಸಣ್ಣ ಕುಳಿ ತೋಡಿ ಲೇಪವನ್ನಿಟ್ಟು, ಅದರ ಸುತ್ತ ಜೀವಿಗಳು ಬೆಳೆಯದ ಬಯಲು ಎಷ್ಟು ಅಗಲವಾಗುವುದೆಂದು ಅಳೆಯುತ್ತಾರೆ.

ತಟ್ಟೆಯ ಗೆಲುವೂ ಮೈಯ ಗೆಲುವೂ

ಇಲ್ಲಿ ವಾಚಕರು ಸ್ವಲ್ಪ ನಿಂತು ವಿಚಾರ ಮಾಡಬೇಕು. ತಟ್ಟೆಯಲ್ಲಿ ಬಯಲಾದದ್ದೆಲ್ಲ ಮೈಮೇಲೆ ಗುಣವಾಗುತ್ತದೆಂದು ಹೇಳಲು ಬರುವುದಿಲ್ಲ. ತಟ್ಟೆಯಲ್ಲಿ ಜೀವಿಯು ಮೇಲೆಯೇ ಬೆಳೆದಿರುತ್ತದೆ. ಮೈಯಲ್ಲಾದರೋ ಅದು ಚರ್ಮದ ಮೇಲುಪದರದ ಒಳಗೂ ಕೂದಲ ಬುಡದಲ್ಲಿಯೂ ಅಡಗಿರುತ್ತದೆ. ಹಾರಿಹೋಗುವ ತೈಲವು ಅಲ್ಲಿಯವರೆಗೆ ಸಾಕಷ್ಟು ಪ್ರಮಾಣದಲ್ಲಿ ಮುಟ್ಟುವುದೇ ಎಂಬುದು ಪ್ರಶ್ನೆ. ಆದುದರಿಂದ ನಿಜವಾದ ಪರೀಕ್ಷೆಯು ರೋಗಿಗಳಲ್ಲಿಯೇ ನಡೆಯಬೇಕು. ಕೆಲವರಿಗೆ ಔಷಧವನ್ನೂ ಕೆಲವರಿಗೆ ಔಷಧವಿಲ್ಲದ ಲೇಪವನ್ನೂ ಕೊಟ್ಟು ಹೋಲಿಸಬೇಕು.

ಸುಗಂಧ ತೈಲಗಳಲ್ಲಿ ಹೀಗೆ ಹೆಚ್ಚಾಗಿ ಪರೀಕ್ಷೆಗೊಳಗಾದದ್ದು ಆಸ್ಟ್ರೇಲಿಯದ ಟೀ ಟ್ರೀ ಎಂಬ ಮರದ ಎಲೆಯ ತೈಲ. 1920ರ ದಶಕದಲ್ಲಿ ಸಿಡ್ನಿಯ ಆರ್ಥರ್ ಪೆನ್‌ಫೋಲ್ಡ್ ಎಂಬ ರಸಾಯನಶಾಸ್ತ್ರಜ್ಞನು ಅದರ ಸೂಕ್ಷ್ಮಜೀವಿನಾಶಕ ಗುಣವನ್ನು ಪ್ರಕಟಿಸಿದನು. 1990ರಲ್ಲಿ ಅದೇ ದೇಶದಲ್ಲಿ ಮೊಡವೆಯುಳ್ಳ 124 ಜನರ ಮೇಲೆ ನಡೆದ ಪರೀಕ್ಷೆಯಲ್ಲಿ, ನೂರಕ್ಕೆ 5 ಪಾಲು ತೈಲವುಳ್ಳ ಜೆಲ್ಲು ರೂಢಿಯ ಔಷಧದಂತೆಯೇ ಮೊಡವೆಗಳನ್ನು ಕಡಮೆ ಮಾಡಿತು. ನಿಧಾನವಾಗಿ ಮಾಡಿತು, ಆದರೆ ಉರಿಯೂ ಒಣಗುವಿಕೆಯೂ ಕಡಮೆಯಾಗಿದ್ದುವು. 1992ರಲ್ಲಿ ಕಾಲ್ಬೆರಳ ಸಂದಿಯ ಬೂಷ್ಟುರೋಗವಿದ್ದ 104 ಜನರಿಗೆ ನೂರಕ್ಕೆ 10 ಪಾಲಿನ ಲೇಪವನ್ನು ಕೊಟ್ಟು ನೋಡಿದರು. ತುರಿಕೆ, ಸಿಪ್ಪೆಯೇಳುವುದು ಮೊದಲಾದ ಉಪದ್ರವಗಳು ತಗ್ಗಿದುವು. ಆದರೆ ಚರ್ಮವನ್ನು ಕೆರೆದು ಪರೀಕ್ಷಿಸಿದಾಗ ಬೂಷ್ಟು ಬಹುಮಂದಿಯಲ್ಲಿ ಹಾಗೆಯೇ ಉಳಿದಿತ್ತು. 2002ರಲ್ಲಿ 158 ಜನರಿಗೆ ನೂರಕ್ಕೆ 25 ಮತ್ತು 50 ಪಾಲಿನ ಕಡುದ್ರಾವಣವನ್ನು ಕೊಟ್ಟಾಗ ಔಷಧವಿಲ್ಲದ ದ್ರಾವಣಕ್ಕಿಂತ ಹೆಚ್ಚು ಜನರಿಗೆ ಗುಣವಾಯಿತು. ಆದರೆ ಕೆಲವರಿಗೆ ಚರ್ಮವು ಕೆರಳಿ ಔಷಧವನ್ನು ನಿಲ್ಲಿಸಬೇಕಾಯಿತು.

ಈ ಮೂರು ಪರೀಕ್ಷೆಗಳ ಸಾರವನ್ನು ಗೃಹಸ್ಥರು ಮನಸ್ಸಿನಲ್ಲಿಡುವುದು ಲೇಸು. ಸೌಮ್ಯವಾದ ಪ್ರಮಾಣದಲ್ಲಿ ಸುಗಂಧ ತೈಲದ ಜೆಲ್ಲು ತುರಿಕೆಯನ್ನು ತಗ್ಗಿಸುತ್ತದೆ, ಸಣ್ಣ ಮೊಡವೆ ಗುಳ್ಳೆಗಳಿಗೆ ಸಹಾಯಕವಾಗುತ್ತದೆ. ಆದರೆ ತುರಿಕೆ ನಿಂತಿತೆಂದರೆ ರೋಗ ಹೋಯಿತೆಂದು ಅರ್ಥವಲ್ಲ. ಬೇರುಸಹಿತ ಕೀಳುವಷ್ಟು ಕಡುವಾಗಿ ಮಾಡಿದರೆ ಚರ್ಮಕ್ಕೇ ಕೇಡು.

ಈ ಕಾಲದ ಗಜಕರ್ಣ

ಈ ಮಾತಿಗೆ ಇಂದು ವಿಶೇಷವಾದ ಮಹತ್ತ್ವವುಂಟು. ಕಳೆದ ಹತ್ತು ಹನ್ನೆರಡು ವರ್ಷಗಳಿಂದ ಭಾರತದಲ್ಲಿ ಗಜಕರ್ಣವು ಹಿಂದಿನಂತೆ ಸಾಧುವಾದ ರೋಗವಾಗಿ ಉಳಿದಿಲ್ಲ. ಹೋದಂತೆ ತೋರಿ ಮತ್ತೆ ಬರುತ್ತದೆ. ಒಬ್ಬರಿಂದ ಮನೆಮಂದಿಗೆಲ್ಲ ಹರಡುತ್ತದೆ. ಇದಕ್ಕೆ ಕಾರಣವಾದ ಬೂಷ್ಟಿನ ಹೊಸ ಜಾತಿಗೆ 2020ರಲ್ಲಿ ಜಪಾನಿನ ವಿಜ್ಞಾನಿಗಳು ಟ್ರೈಕೊಫೈಟನ್ ಇಂಡೋಟೀನಿಯೇ ಎಂದು ಹೆಸರಿಟ್ಟರು. ಹೆಸರಿನಲ್ಲಿಯೇ ನಮ್ಮ ದೇಶದ ಗುರುತಿದೆ. ಟರ್ಬಿನಫಿನ್ ಎಂಬ ಪ್ರಬಲವಾದ ಔಷಧಕ್ಕೂ ಇದು ಅನೇಕ ಸಲ ಬಗ್ಗುವುದಿಲ್ಲ. 2023ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿಯೂ ಇದು ಕಾಣಿಸಿಕೊಂಡಿತು.

ರೋಗವು ಇಷ್ಟು ಬಲಿಯುವುದಕ್ಕೆ ನಮ್ಮ ಅಂಗಡಿಯ ಮುಲಾಮುಗಳೂ ಕಾರಣವೆಂದು ಚರ್ಮವೈದ್ಯರು ಹೇಳುತ್ತಾರೆ. ಬೂಷ್ಟಿನ ಔಷಧ, ಬ್ಯಾಕ್ಟೀರಿಯದ ಔಷಧ ಮತ್ತು ಸ್ಟೀರಾಯ್ಡ್ ಎಂಬ ದ್ರವ್ಯ ಈ ಮೂರನ್ನೂ ಒಂದೇ ಕೊಳವೆಯಲ್ಲಿ ತುಂಬಿ ಮಾರುವ ರೂಢಿ ಬೆಳೆದಿದೆ. ಸ್ಟೀರಾಯ್ಡ್ ಹಚ್ಚಿದ ಎರಡೇ ದಿನಗಳಲ್ಲಿ ಕೆಂಪೂ ತುರಿಕೆಯೂ ಇಳಿಯುತ್ತವೆ. ಜನರು ಆ ಮುಲಾಮನ್ನು ಹೊಗಳಿ ನೆರೆಯವರಿಗೂ ಕೊಡುತ್ತಾರೆ. ಆದರೆ ಅದು ಶರೀರದ ಕಾವಲುಗಾರರನ್ನು ಮಲಗಿಸಿ ಬೂಷ್ಟಿಗೆ ದಾರಿ ಬಿಟ್ಟಿರುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವು ತೆಳ್ಳಗಾಗಿ, ತೊಡೆಯಲ್ಲಿ ಬಿರುಕಿನಂತಹ ಅಳಿಸಲಾರದ ಗೆರೆಗಳು ಮೂಡುತ್ತವೆ. 2018ರಲ್ಲಿ ಕೇಂದ್ರ ಸರ್ಕಾರವು ಅನೇಕ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಔಷಧಗಳ ಪಟ್ಟಿಗೆ ಸೇರಿಸಿತು. ಆದರೂ ಕೊಳ್ಳುವವರಲ್ಲಿ ತಿಳಿವಳಿಕೆ ಬರದೆ ಕಾನೂನೊಂದರಿಂದಲೇ ಕೆಲಸವಾಗುವುದಿಲ್ಲ.

ಈ ಅಪಾಯಕ್ಕೆ ಅಂಜಿದವರು ಗಿಡಮೂಲಿಕೆಯ ಜೆಲ್ಲಿಗೆ ತಿರುಗುವುದು ಸಹಜ. ಸ್ಟೀರಾಯ್ಡಿಗಿಂತ ಅದು ಎಷ್ಟೋ ಮೇಲು. ಆದರೆ ತುರಿಕೆಯನ್ನು ಮಾತ್ರ ತಣಿಸಿ ಬೂಷ್ಟನ್ನು ಉಳಿಸಿದರೆ ಕಾಲವ್ಯಯವೇ ಹೊರತು ಲಾಭವಿಲ್ಲ. ಒಂದು ಸಣ್ಣ ಮಚ್ಚೆಗೆ ವೈದ್ಯರು ಹೇಳಿದ ಬೂಷ್ಟಿನ ಲೇಪವನ್ನು, ಮಚ್ಚೆಯ ಅಂಚಿನಿಂದ ಎರಡು ಬೆರಳಗಲ ಹೊರಗಿನವರೆಗೂ ಹಚ್ಚಿ, ಮಚ್ಚೆ ಮಾಯವಾದ ಮೇಲೂ ಎರಡು ವಾರ ಮುಂದುವರಿಸಬೇಕು. ಹಲವು ಕಡೆ ಹರಡಿದ್ದರೆ ವಾರಗಟ್ಟಲೆ ಮಾತ್ರೆಯೂ ಬೇಕಾದೀತು. ಮೂಲಿಕೆಯ ಲೇಪವು ಆಗ ವೈದ್ಯರ ಒಪ್ಪಿಗೆಯಿಂದ ಉಪಚಾರಕ್ಕೆ ಸಹಾಯಕವಾಗಿರಲಿ, ಯಜಮಾನನಾಗದಿರಲಿ.

ಮನೆಯಲ್ಲಿ ಪಾಲಿಸತಕ್ಕ ನಿಯಮಗಳು

ಜೆಲ್ಲನ್ನು ಕೊಳ್ಳುವಾಗ ತಯಾರಕರ ಹೆಸರು, ಪರವಾನಗಿಯ ಸಂಖ್ಯೆ, ತಯಾರಾದ ಹಾಗೂ ಅವಧಿ ಮುಗಿಯುವ ತಾರೀಖು, ತೈಲದ ಪ್ರಮಾಣ ಇವನ್ನು ನೋಡಿರಿ. ಆಯುರ್ವೇದದ ಔಷಧಗಳಿಗೂ 1940ರ ಔಷಧ ಮತ್ತು ಸೌಂದರ್ಯವರ್ಧಕ ದ್ರವ್ಯಗಳ ಕಾಯಿದೆಯ ಮೇರೆಗೆ ಪರವಾನಗಿ ಇರಲೇಬೇಕು. ಸಂತೆಯಲ್ಲಿ ಹೆಸರಿಲ್ಲದ ಡಬ್ಬಿಯಲ್ಲಿ ಮಾರುವ "ಮೂಲಿಕೆ"ಯಲ್ಲಿ ಏನು ಬೆರೆತಿದೆಯೋ ಬಲ್ಲವರಾರು?

ಯಾವ ಲೇಪವನ್ನಾದರೂ ಮೊದಲು ಮುಂಗೈಯ ಒಳಭಾಗದಲ್ಲಿ ಒಂದು ರೂಪಾಯಿಯ ನಾಣ್ಯದಷ್ಟು ಹಚ್ಚಿ ಎರಡು ದಿನ ನೋಡಬೇಕು. ಕೆಂಪಾದರೆ, ಉರಿದರೆ, ನೀರುಗುಳ್ಳೆ ಎದ್ದರೆ ಅದು ನಿಮಗೆ ಸಲ್ಲದು. ತೆರೆದ ಗಾಯಕ್ಕೂ ಕಣ್ಣು ಬಾಯಿಗಳ ಹತ್ತಿರಕ್ಕೂ ಹಚ್ಚಕೂಡದು. ಹಸುಗೂಸುಗಳಿಗೂ ಗರ್ಭಿಣಿಯರಿಗೂ ವೈದ್ಯರನ್ನು ಕೇಳದೆ ಉಪಯೋಗಿಸಬಾರದು. ನೀಲಗಿರಿ ಎಣ್ಣೆಯನ್ನಾಗಲಿ ಕರ್ಪೂರವನ್ನಾಗಲಿ ಮಗುವು ಸ್ವಲ್ಪ ನುಂಗಿದರೂ ಮೈ ಸೆಟೆದು ಪ್ರಾಣಾಪಾಯವಾಗಬಹುದು. ಬೇವಿನೆಣ್ಣೆಯನ್ನು ಶಿಶುಗಳಿಗೆ ಕುಡಿಸುವುದೂ ಹಾಗೆಯೇ ಅಪಾಯಕರ. ಆದಕಾರಣ ಇವನ್ನು ಮಕ್ಕಳ ಕೈಗೆ ಸಿಕ್ಕದಂತೆ ಎತ್ತರದಲ್ಲಿ, ಬಣ್ಣದ ಸೀಸೆಯಲ್ಲಿ, ಬಿಗಿಯಾಗಿ ಮುಚ್ಚಿ, ತಂಪಾದ ಕತ್ತಲಿನಲ್ಲಿಡತಕ್ಕದ್ದು. ಗಾಳಿಗೂ ಬೆಳಕಿಗೂ ಸಿಕ್ಕಿ ಹಳಸಿದ ಸುಗಂಧ ತೈಲವು ಹೊಸದಕ್ಕಿಂತ ಹೆಚ್ಚಾಗಿ ಚರ್ಮವನ್ನು ಕೆರಳಿಸುತ್ತದೆ.

ಮನೆಯಲ್ಲಿಯೇ ಜೆಲ್ಲನ್ನು ಮಾಡಿಕೊಳ್ಳಬಾರದೆ ಎಂದು ಕೇಳುವವರುಂಟು. ಲೋಳೆಸರದ ತಿರುಳು ಪ್ರಕೃತಿಯೇ ಮಾಡಿಕೊಟ್ಟ ಜೆಲ್ಲು. ಅದರಲ್ಲಿ ನೂರಕ್ಕೆ 98ಕ್ಕೂ ಮೇಲ್ಪಟ್ಟು ನೀರೇ ಇದೆ. ದಪ್ಪನಾದ ಎಲೆಯನ್ನು ಕೊಯ್ದು ಬುಡ ಕೆಳಗಾಗಿ ನಿಲ್ಲಿಸಿ, ಹಳದಿಯ ಕಹಿರಸವೆಲ್ಲ ಸೋರಿದ ಮೇಲೆ ತೊಳೆದು, ಸಿಪ್ಪೆ ತೆಗೆದು ಒಳಗಿನ ತಿಳಿಯಾದ ತಿರುಳನ್ನು ಮಾತ್ರ ಉಪಯೋಗಿಸಬೇಕು. ಆ ಹಳದಿ ರಸವು ಚರ್ಮಕ್ಕೆ ತುರಿಕೆ ತರುತ್ತದೆ. ಈ ತಿರುಳು ತಂಪನ್ನೀಯುತ್ತದೆ, ಬಿಸಿಲಿಗೆ ಕಂದಿದ ಮೈಗೆ ಹಿತ. ಆದರೆ ಕೆಡದಂತೆ ಕಾಯುವ ದ್ರವ್ಯವಿಲ್ಲದ ಕಾರಣ ಅಂದಂದಿಗೆ ಬೇಕಾದಷ್ಟನ್ನೇ ತೆಗೆದುಕೊಳ್ಳಬೇಕು. ಹಳಸಿದ ತಿರುಳಿನಲ್ಲಿ ಸೂಕ್ಷ್ಮಜೀವಿಗಳೇ ಬೆಳೆದು, ಸೋಂಕನ್ನು ಕಳೆಯಲು ಹೋಗಿ ಸೋಂಕನ್ನೇ ಹಚ್ಚಿದಂತಾಗುತ್ತದೆ. ಇದಕ್ಕೆ ಸುಗಂಧ ತೈಲವನ್ನು ತಾವೇ ಬೆರಸುವ ಸಾಹಸ ಬೇಡ. ಒಂದು ಚಿಕ್ಕ ಚಮಚದಷ್ಟು ಲೋಳೆಗೆ ಒಂದು ತೊಟ್ಟು ತೈಲವೆಂದರೆ ನೂರಕ್ಕೆ ಒಂದು ಪಾಲೆಂದು ಲೆಕ್ಕವೇನೋ ಸರಿಯಾಗುತ್ತದೆ. ಆದರೆ ನೀರಿನಂತಹ ಲೋಳೆಯಲ್ಲಿ ತೈಲವು ಕರಗದೆ ತೊಟ್ಟಾಗಿಯೇ ತೇಲಿ, ಚರ್ಮದ ಒಂದೇ ಕಡೆಗೆ ಕಡುವಾಗಿ ತಗಲುತ್ತದೆ. ಔಷಧಶಾಲೆಯಲ್ಲಿ ತೈಲವನ್ನು ಹೊಂದಿಸುವ ದ್ರವ್ಯವನ್ನು ಬೆರಸುವುದು ಈ ಕಾರಣದಿಂದಲೇ.

ಲೇಪಕ್ಕಿಂತಲೂ ಮುಖ್ಯವಾದದ್ದು ಶುಚಿತ್ವ. ಗದ್ದೆಯಿಂದ ಬಂದೊಡನೆ ಕಾಲನ್ನು ತೊಳೆದು ಬೆರಳ ಸಂದಿಗಳನ್ನು ಒಣಬಟ್ಟೆಯಿಂದ ಒರಸಿಕೊಳ್ಳಬೇಕು. ಬೆವರಿನ ಬಟ್ಟೆಯನ್ನು ಬದಲಾಯಿಸಬೇಕು. ಒಬ್ಬೊಬ್ಬರಿಗೂ ಬೇರೆ ಬೇರೆ ಟವಲು ಇರಬೇಕು. ಒಳಬಟ್ಟೆಗಳನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿನಲ್ಲಿ ಒಣಗಿಸಬೇಕು. ಮನೆಯಲ್ಲಿ ಇಬ್ಬರಿಗೆ ರೋಗವಿದ್ದರೆ ಇಬ್ಬರಿಗೂ ಒಂದೇ ಕಾಲದಲ್ಲಿ ಉಪಚಾರ ನಡೆಯಬೇಕು. ಕಜ್ಜಿಯಾದರೆ ತುರಿಕೆ ಇರಲಿ ಇಲ್ಲದಿರಲಿ ಮನೆಮಂದಿಯೆಲ್ಲ ಒಂದೇ ದಿನ ವೈದ್ಯರು ಕೊಟ್ಟ ಔಷಧವನ್ನು ಹಚ್ಚಿಕೊಳ್ಳಬೇಕು. ಗೆಜ್ಜಲಗೆರೆಯ ಡೇರಿಗೆ ಹಾಲು ಹಾಕುವ ನಮ್ಮ ಒಕ್ಕಲುಗಳು ಕರುವಿನ ಕಣ್ಣಿನ ಸುತ್ತಲೂ ಕತ್ತಿನ ಮೇಲೂ ಬೂದುಬಣ್ಣದ ಹಕ್ಕಳೆ ಕಟ್ಟಿದೆಯೇ ಎಂದು ನೋಡುತ್ತಿರಬೇಕು. ಅದೂ ಗಜಕರ್ಣವೇ, ಅದನ್ನು ಮೈದಡವಿದ ಮಗುವಿಗೂ ಅಂಟುತ್ತದೆ. ನಾಯಿ ಬೆಕ್ಕುಗಳಿಂದಲೂ ಹೀಗೆ ಬರಬಹುದು. ಪಶುವೈದ್ಯರಿಗೆ ತೋರಿಸದೆ ಮನುಷ್ಯರಿಗೆ ಮಾತ್ರ ಔಷಧ ಮಾಡಿದರೆ ಸೋಂಕು ಕೊಟ್ಟಿಗೆಯಿಂದ ಮತ್ತೆ ಮನೆಯೊಳಕ್ಕೆ ಬರುತ್ತದೆ.

ವೈದ್ಯರ ಬಾಗಿಲಿಗೆ ಹೋಗಬೇಕಾದ ಸಂದರ್ಭ

ಎರಡು ವಾರ ಲೇಪ ಹಚ್ಚಿದರೂ ಮಚ್ಚೆ ಕುಗ್ಗದಿದ್ದರೆ, ಜ್ವರ ಬಂದರೆ, ಕುರುವಿನ ಸುತ್ತ ಕೆಂಪು ಹರಡಿ ಬಿಸಿಯಾಗಿ ನೋವು ಹೆಚ್ಚಿದರೆ ಅಥವಾ ಕೆಂಪು ಗೆರೆಯು ಕೈಕಾಲಿನ ಮೇಲ್ಗಡೆಗೆ ಏರಿದರೆ, ತಲೆಯಲ್ಲಿ ಮಚ್ಚೆಯಾಗಿ ಕೂದಲು ಉದುರಿದರೆ, ಮಧುಮೇಹದವರ ಕಾಲಿನಲ್ಲಿ ಎಷ್ಟು ಸಣ್ಣ ಹುಣ್ಣಾದರೂ, ಮನೆಮದ್ದಿನಲ್ಲಿ ಕಾಲ ಕಳೆಯಕೂಡದು.

ಇನ್ನೊಂದು ಮಾತನ್ನು ಬಿಡಿಸಿ ಹೇಳಬೇಕು. ಮಾಸಲಾದ ಅಥವಾ ಕೆಂಪಾದ ಮಚ್ಚೆಯಲ್ಲಿ ತುರಿಕೆಯೂ ಇಲ್ಲ, ಮುಟ್ಟಿದರೆ ಸ್ಪರ್ಶವೂ ತಿಳಿಯುವುದಿಲ್ಲವೆಂದಾದರೆ ಅದು ಕುಷ್ಠವಿರಬಹುದು. ಇದನ್ನು ಚಿಬ್ಬೆಂದೋ ಗಜಕರ್ಣವೆಂದೋ ಭಾವಿಸಿ ಲೇಪ ಹಚ್ಚುತ್ತ ಕುಳಿತರೆ ನರಗಳು ಕೆಟ್ಟು ಕೈಕಾಲು ಊನವಾಗುವ ಭಯವಿದೆ. ಆದರೆ ಹೆದರಬೇಕಾದುದಿಲ್ಲ, ಮರೆಮಾಡಬೇಕಾದುದೂ ಇಲ್ಲ. ಬಹು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆಯು 1980ರ ದಶಕದಿಂದ ರೂಢಿಯಲ್ಲಿದ್ದು, ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಬೇಗನೆ ಆರಂಭಿಸಿದರೆ ಪೂರ್ಣವಾಗಿ ಗುಣವಾಗುತ್ತದೆ. ಮಂಡ್ಯದ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಚರ್ಮರೋಗದ ತಜ್ಞರನ್ನೂ ಕಾಣಬಹುದು.

ಮದ್ದೂರೆಂಬ ಹೆಸರಿನ ನಿಜಮೂಲವು ಏನೇ ಇರಲಿ, ಕೇಳುವವರ ಕಿವಿಗೆ ಅದರಲ್ಲಿ ಮದ್ದೆಂಬ ಮಾತು ಕೇಳಿಸುವುದು ಸುಳ್ಳಲ್ಲ. ಮದ್ದಿಗೆ ಮೂರು ಗುಣಗಳಿರಬೇಕು: ರೋಗವನ್ನು ಅರಿತು ಕೊಟ್ಟದ್ದಾಗಿರಬೇಕು, ಅಳತೆಯಲ್ಲಿರಬೇಕು, ಸಾಕಷ್ಟು ಕಾಲ ನಡೆಯಬೇಕು. ಹಿತ್ತಲ ಗಿಡವಾದರೂ ಸರಿ, ಭಟ್ಟಿಯ ತೈಲವಾದರೂ ಸರಿ, ಅಂಗಡಿಯ ಕೊಳವೆಯಾದರೂ ಸರಿ, ಈ ಮೂರನ್ನು ಬಿಟ್ಟರೆ ಅದು ಮದ್ದಾಗದು. ಮನೆಯಲ್ಲಿ ಯಾರಿಗಾದರೂ ಮೈಮೇಲೆ ಮಚ್ಚೆ ಎದ್ದಿದ್ದರೆ ಅದನ್ನು ನಾಚಿಕೆಯಿಂದ ಮುಚ್ಚಿಡದೆ ಹಿರಿಯರೊಡನೆ ಹೇಳಿಕೊಳ್ಳುವಷ್ಟು ಸಲಿಗೆಯನ್ನು ಮನೆಯ ಯಜಮಾನರೂ ಯಜಮಾನಿಯರೂ ಇಟ್ಟುಕೊಂಡರೆ, ಚಿಕಿತ್ಸೆಯ ಅರ್ಧ ಕೆಲಸ ಅಲ್ಲಿಗೇ ಆದಂತೆ.